ಕೆಳಗಿನಿಂದ ಏಳು ಸಾಲು

2024ರ ಜುಲೈ 17, ಬುಧವಾರ, ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಮಕ್ತಲ್ ಪಟ್ಟಣದ ತಮ್ಮ ಮನೆಯ ಅಡುಗೆಮನೆಯಲ್ಲಿ ಐವತ್ನಾಲ್ಕು ವರ್ಷದ ಇಂದಿರಾಬಾಯಿ ಪ್ರಜ್ಞೆ ತಪ್ಪಿ ಬಿದ್ದರು. ಅಂದು ಪ್ರಥಮ ಏಕಾದಶಿ. ಹಿಂದಿನ ದಿನ ಮಧ್ಯಾಹ್ನ ಉಂಡ ಮೇಲೆ ಅವರು ಏನನ್ನೂ ತಿಂದಿರಲಿಲ್ಲ. ಬೆಳಗಿನಿಂದ ಒಂದು ಉದ್ಧರಣೆ ತೀರ್ಥ ಬಿಟ್ಟರೆ ನೀರನ್ನೂ ಕುಡಿದಿರಲಿಲ್ಲ. ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮ್‌ಗೆ ತಂದು ಬೆರಳು ಚುಚ್ಚಿ ನೋಡಿದಾಗ ರಕ್ತದ ಸಕ್ಕರೆ 34 ಇತ್ತು. 70ಕ್ಕಿಂತ ಕೆಳಗಿಳಿದರೆ ಅಪಾಯ ಎನ್ನುತ್ತಾರೆ ವೈದ್ಯರು. ಇಂದಿರಾಬಾಯಿಗೆ ಮಧುಮೇಹ ಇರಲಿಲ್ಲ. ಅವರಿಗೆ ಇದ್ದದ್ದು ಸ್ತನ ಕ್ಯಾನ್ಸರ್.

ಆಗ ನಾನು ಕನ್ನಡ ದಿನಪತ್ರಿಕೆಯೊಂದರ ರಾಯಚೂರು ಆವೃತ್ತಿಯ ವರದಿಗಾರ್ತಿಯಾಗಿ ನಾರಾಯಣಪೇಟೆಯಲ್ಲಿದ್ದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರೂ ಕಡೆಯ ಸುದ್ದಿ ನನ್ನ ಪಾಲಿನದು. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು ತೆಲುಗಿನಲ್ಲಿರುವ ಈ ಊರುಗಳಲ್ಲಿ ಬೆಳಗ್ಗೆ ಕನ್ನಡ ಪತ್ರಿಕೆ ಓದುವ ಮನೆಗಳು ಇನ್ನೂ ಇವೆ. ಅಂಥ ಮನೆಗಳಿಗೆ ಕೃಷ್ಣೆಯ ಆಚೆಯಿಂದ ಮೊದಲ ಬಸ್ಸಿನಲ್ಲಿ ಪತ್ರಿಕೆಯ ಕಟ್ಟು ಬರುತ್ತದೆ. ವರದಿಗಾರಿಕೆಯ ಜೊತೆಗೆ ಶನಿವಾರದ ಅರ್ಧ ಪುಟದ ಆರೋಗ್ಯ ವಿಭಾಗವನ್ನೂ ಮೂರು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೆ. ಇಲ್ಲಿ ಬರುವ ಹೆಸರುಗಳನ್ನು ಬದಲಿಸಿದ್ದೇನೆ. ಉಳಿದದ್ದನ್ನು ಇದ್ದಂತೆ ಬರೆಯಲು ಇಂದಿರಾಬಾಯಿ ಒಪ್ಪಿದ್ದಾರೆ.

ಇಂದಿರಾಬಾಯಿಯ ಪತಿ ಗೋಪಾಲಾಚಾರ್ಯರು ಗದ್ವಾಲ್‌ನ ತಹಶೀಲ್ ಕಚೇರಿಯಿಂದ ನಿವೃತ್ತರಾದವರು. ತಹಶೀಲ್ದಾರರ ಮುಂದೆ ಕಡತ ಇಟ್ಟು ವಿವರಿಸುವ ಗುಮಾಸ್ತನಿಗೆ ನಿಜಾಮರ ಕಾಲದಲ್ಲಿ ಪೇಷ್ಕಾರ ಎನ್ನುತ್ತಿದ್ದರು. ಹುದ್ದೆಯ ಹೆಸರು ಎಂದೋ ಬದಲಾದರೂ ಮಕ್ತಲ್‌ನಲ್ಲಿ ಅವರು ಇಂದಿಗೂ ಪೇಷ್ಕಾರ ಆಚಾರ್ಯರೇ. ನಿವೃತ್ತಿಯ ನಂತರ ಮನೆತನದ ಪಾಲಿಗೆ ಬಂದ ಗುಡಿಯ ಪೂಜೆ ಹಿಡಿದರು. ಗುಡಿಯ ನೈವೇದ್ಯವನ್ನು ಇಂದಿರಾಬಾಯಿ ದಿನವೂ ಮಡಿಯಲ್ಲಿ, ಅಂದರೆ ಸ್ನಾನ ಮಾಡಿ ಯಾರನ್ನೂ ಮುಟ್ಟದೆ, ತಾವೇ ಬೇಯಿಸುತ್ತಿದ್ದರು. ಮದುವೆಯಾದಾಗಿನಿಂದ ಈ ಕೆಲಸವನ್ನು ಅವರು ಬೇರೆಯವರಿಗೆ ಬಿಟ್ಟಿರಲಿಲ್ಲ.

2024ರ ಏಪ್ರಿಲ್‌ನಲ್ಲಿ ಅವರ ಎಡ ಸ್ತನದಲ್ಲಿ ಗಂಟು ಕಂಡಿತು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಸೂಜಿ ಹಾಕಿ ಮಾದರಿ ತೆಗೆದರು. ಕ್ಯಾನ್ಸರ್ ಎಂದು ವರದಿ ಬಂತು. ಸ್ಕ್ಯಾನ್‌ನಲ್ಲಿ ಗಂಟಿನ ಅಳತೆ 4.2 ಸೆಂಟಿಮೀಟರ್, ಕಂಕುಳಿನ ಗ್ರಂಥಿಗಳಲ್ಲಿ ಸಂಶಯಪಡುವಂಥದ್ದು ಕಂಡಿರಲಿಲ್ಲ. ಮೊದಲು ಆರು ಸಲ ಕೀಮೋ ಕೊಟ್ಟು ಗಂಟನ್ನು ಕುಗ್ಗಿಸಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡುವುದೆಂದು ಅಲ್ಲಿನ ಕ್ಯಾನ್ಸರ್ ತಜ್ಞೆ ತೀರ್ಮಾನಿಸಿದರು. ಕೀಮೋ ಇಪ್ಪತ್ತೊಂದು ದಿನಕ್ಕೊಮ್ಮೆ. ಮೊದಲನೆಯದು ಮೇ 7ರಂದು, ಎರಡನೆಯದು ಮೇ 28ರಂದು ಆಯಿತು. ಎರಡನೆಯದರ ದಿನ ತಜ್ಞೆ ಕೈಯಿಂದ ಪರೀಕ್ಷಿಸಿ, ಗಂಟು ಮೂರು ಸೆಂಟಿಮೀಟರಿಗೆ ಇಳಿದಂತಿದೆ ಎಂದು ಬರೆದರು. ಆ ವಾರವೇ ಇಂದಿರಾಬಾಯಿಯ ಕೂದಲು ಉದುರಿತು, ಬಾಯಿ ಹುಣ್ಣಾಯಿತು. ಒಲೆಯ ಮುಂದೆ ನಿಂತರೆ ವಾಂತಿ. ನೈವೇದ್ಯಕ್ಕೆ ಪಕ್ಕದ ಓಣಿಯ ನೆಂಟರನ್ನು ಕರೆಸಬೇಕಾಯಿತು.

ಜೂನ್ 8ರ ಶನಿವಾರ ನಮ್ಮ ಆರೋಗ್ಯ ಪುಟದಲ್ಲಿ ನನ್ನ ಹೆಸರಿನಲ್ಲಿ ಒಂದು ಬರಹ ಬಂತು. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ಸ್ತನ ಕ್ಯಾನ್ಸರಿನಲ್ಲಿ ದೇಹದ ರೋಗನಿರೋಧಕ ಶಕ್ತಿಯ ಮೇಲೆ ಪರಿಣಾಮ ಬೀರಬಹುದೇ ಎಂಬುದು ಅದರ ವಿಷಯ. ಈ ಬಗ್ಗೆ ಹಲವು ಪ್ರಯೋಗಾಲಯಗಳಲ್ಲಿ ಕೆಲಸ ನಡೆದಿದೆ. ಅದನ್ನೆಲ್ಲ ಒಟ್ಟುಮಾಡಿ ಸರಳವಾಗಿ ಹೇಳುವುದು ನನ್ನ ಉದ್ದೇಶವಾಗಿತ್ತು. ನಮ್ಮ ರಕ್ತದಲ್ಲಿ ಟಿ ಕಣಗಳೆಂಬ ಕಾವಲು ಜೀವಕೋಶಗಳಿವೆ. ಅವು ದೇಹದ ಕಣಗಳನ್ನು ತಪಾಸಣೆ ಮಾಡುತ್ತ ತಿರುಗುತ್ತವೆ. ಕೆಟ್ಟ ಕಣ ಕಂಡರೆ ಕೊಲ್ಲುತ್ತವೆ. ಕೆಲವು ಕ್ಯಾನ್ಸರ್ ಕಣಗಳು ಮೈಮೇಲೆ ಒಂದು ಪ್ರೋಟೀನನ್ನು ತೋರಿಸಿ ಈ ಕಾವಲಿನಿಂದ ತಪ್ಪಿಸಿಕೊಳ್ಳುತ್ತವೆ. ಮೆಟ್‌ಫಾರ್ಮಿನ್ ಆ ಪ್ರೋಟೀನನ್ನು ಕಡಿಮೆ ಮಾಡಬಹುದು, ಗಂಟಿನೊಳಗೆ ದಣಿದು ಕೂತ ಟಿ ಕಣಗಳಿಗೆ ಚುರುಕು ತರಬಹುದು ಎಂಬ ಸೂಚನೆಗಳು ಸಿಕ್ಕಿವೆ. ಇಷ್ಟನ್ನು ಬರೆದೆ. ಶೀರ್ಷಿಕೆ: ‘ಸ್ತನ ಕ್ಯಾನ್ಸರ್: ಮಧುಮೇಹದ ಮಾತ್ರೆಯಿಂದ ನಿರೋಧಕ ಶಕ್ತಿಗೆ ಬಲ?’

ಈ ಬರಹ ಮಕ್ತಲ್‌ನ ಆ ಮನೆಯಲ್ಲಿ ಏನು ಮಾಡಿತು ಎಂಬುದು ನನಗೆ ತಿಳಿದದ್ದು ಮೂವತ್ತೊಂಬತ್ತು ದಿನಗಳ ನಂತರ.

ಜುಲೈ 17ರಂದು ಮೊಹರಂ ಕೂಡ ಇತ್ತು. ನಾರಾಯಣಪೇಟೆಯಲ್ಲಿ ಪೀರಲ, ಅಂದರೆ ಅಲಾಯಿ ದೇವರ, ಮೆರವಣಿಗೆಯ ವರದಿಗೆ ನಿಂತಿದ್ದಾಗ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಫೋನ್ ಬಂತು. ಮಾತಾಡಿದ್ದು ಅಂಜಮ್ಮ. ಧನ್ವಾಡದವರು, ಮಕ್ತಲ್‌ನ ಆ ನರ್ಸಿಂಗ್ ಹೋಮ್‌ನಲ್ಲಿ ಹಿರಿಯ ನರ್ಸ್. ಕೋವಿಡ್ ಕಾಲದಿಂದ ನನಗೆ ಪರಿಚಯ.

“ಮೇಡಂ, ಎಲ್ಲಿದ್ದೀರಿ? ಮೆರವಣಿಗಿ ಬಿಟ್ಟು ಬರ್ರಿ. ಪೇಷ್ಕಾರ ಆಚಾರ್ರ ಮನಿಯವರು ಬಂದಾರ. ಶುಗರ್ ಮೂವತ್ನಾಲ್ಕಕ್ಕ ಇಳಿದಿತ್ತು. ಈಗ ಎಚ್ಚರ ಐತಿ. ಆಚಾರ್ರ ಜೇಬಿನ್ಯಾಗ ನಿಮ್ಮ ಪೇಪರಿನ ತುಂಡು ಐತಿ ನೋಡ್ರಿ. ಅಂದುಲೋ ಮೀ ಪೇರೇ ಉಂದಿ.”

ನನ್ನ ಹೆಸರೇ ಅದರಲ್ಲಿದೆ ಎಂಬುದನ್ನು ಮಾತ್ರ ಅವರು ತೆಲುಗಿನಲ್ಲಿ ಹೇಳಿದರು. ಬೇಸರವಾದಾಗ ಅಂಜಮ್ಮ ತೆಲುಗಿಗೆ ಹೋಗುತ್ತಾರೆ.

ನಾನು ತಲುಪಿದಾಗ ಎರಡು ಗಂಟೆ. ಇಂದಿರಾಬಾಯಿ ತಲೆಗೆ ಸೆರಗು ಬಿಗಿದುಕೊಂಡು ಮಲಗಿದ್ದರು, ಕೈಗೆ ಗ್ಲೂಕೋಸ್ ಹೋಗುತ್ತಿತ್ತು. ಆಚಾರ್ಯರು ಬಾಟಲಿಯನ್ನೇ ನೋಡುತ್ತ ನಿಂತಿದ್ದರು.

“ಸಿಸ್ಟರ್, ಒಂದು ಮಾತು ಕೇಳ್ತೀನಿ. ಇದು ಹೋದದ್ದಕ್ಕೆ ಉಪವಾಸ ಮುರಿದಂಗ ಆತೇನು?”

“ಬಾಯಾಗ ಒಂದು ಹನಿ ಹಾಕಿಲ್ಲ ರೀ ಸ್ವಾಮಿ,” ಎಂದರು ಅಂಜಮ್ಮ. “ನರದಾಗ ಹಾಕೀನಿ. ದೇವ್ರು ಕೇಳಿದ್ರ ನನ್ನ ಹೆಸ್ರು ಹೇಳ್ರಿ.”

ಮಂಚದಿಂದ ಇಂದಿರಾಬಾಯಿ ಹೇಳಿದರು: “ನಾ ಸಾಯಲಿಕ್ಕೆ ಹತ್ತಿದ್ದೆ, ಇವರಿಗೆ ಉಪವಾಸದ ಚಿಂತಿ.”

“ನಿನ್ನ ಸಲುವಾಗೇ ಕೇಳಿದೆ. ಎದ್ದ ಮ್ಯಾಲೆ ಮೊದಲು ನೀನೇ ಕೇಳ್ತಿದ್ದಿ.”

ಆಚಾರ್ಯರು ಜೇಬಿನಿಂದ ಪತ್ರಿಕೆಯ ತುಂಡು ತೆಗೆದು ನನ್ನ ಕೈಗೆ ಕೊಟ್ಟರು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದರು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ತಾರೀಖು, ಪುಟದ ಸಂಖ್ಯೆ. ಎರಡು ವಾಕ್ಯಗಳ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಮಾತ್ರೆಯ ಹೆಸರಿನ ಸುತ್ತ ಒಂದು ಚೌಕ.

“ವಿಜಯಾಬಾಯಿ, ನಿಮ್ಮದೇ ಬರಹ,” ಎಂದರು. ದನಿಯಲ್ಲಿ ದೂರು ಇರಲಿಲ್ಲ. “ಸುಮ್ಮನ ಕೊಟ್ಟಿಲ್ಲ ನಾನು. ನಾ ಹತ್ತು ವರ್ಷದಿಂದ ಸಕ್ಕರಿ ಮಾತ್ರಿ ತಗೋತೀನಿ. ಅದರ ಪಟ್ಟಿ ಮ್ಯಾಲಿನ ಹೆಸರು, ಪೇಪರಿನ್ಯಾಗಿನ ಹೆಸರು ತಾಳೆ ಮಾಡಿದೆ. ಅಕ್ಷರಕ್ಕ ಅಕ್ಷರ ಹೊಂದಿತು. ಆಮೇಲೆ ಕೊಟ್ಟೆ.”

ಅಂಜಮ್ಮ ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದರು. “ಮೆಟ್‌ಫಾರ್ಮಿನ್ ಆದ ಮ್ಯಾಲೆ ಇನ್ನೊಂದು ಹೆಸ್ರು ಐತಿ. ಓದಿದ್ರೇನು?”

“ಅದು ಪೇಪರಿನ್ಯಾಗ ಇರಲಿಲ್ಲ. ಅದಕ್ಕ ಬಿಟ್ಟೆ.”

“ಅದೇ ನೋಡ್ರಿ ಅಕ್ಕಾರನ್ನ ಕೆಡವಿದ್ದು.”

ಇಲ್ಲಿ ಒಂದು ವಿವರಣೆ ಬೇಕು. ಮೆಟ್‌ಫಾರ್ಮಿನ್ ಒಂದೇ ಇರುವ ಮಾತ್ರೆಯಿಂದ ಸಕ್ಕರೆ ಇಷ್ಟು ಕೆಳಗಿಳಿಯುವುದು ಅಪರೂಪ. ಆಚಾರ್ಯರದು ಎರಡು ಔಷಧ ಕೂಡಿಸಿದ ಮಾತ್ರೆ. ಎರಡನೆಯದಾದ ಗ್ಲಿಮೆಪಿರೈಡ್, ಊಟ ಆಗಿರಲಿ ಬಿಡಲಿ, ಇನ್ಸುಲಿನ್ ಬಿಡುಗಡೆ ಮಾಡಿಸುತ್ತದೆ. ಜೂನ್ 9ರಿಂದ ಇಂದಿರಾಬಾಯಿ ದಿನಕ್ಕೊಂದರಂತೆ ಊಟದ ಮೇಲೆ ಅದನ್ನು ನುಂಗುತ್ತಿದ್ದರು. ಆಗಾಗ ತಲೆ ಸುತ್ತುತ್ತಿತ್ತು. ಔಷಧ ನಾಟುತ್ತಿದೆ ಎಂದುಕೊಂಡರು. ಪ್ರಥಮ ಏಕಾದಶಿಯ ಹಿಂದಿನ ಎರಡು ಏಕಾದಶಿಗಳಂದು ಮಾತ್ರೆ ಬಿಟ್ಟಿದ್ದರು. ಈ ಸಲ ಬಿಡಲಿಲ್ಲ. ದಶಮಿಯ ರಾತ್ರಿ ಒಂದು, ಏಕಾದಶಿಯ ಬೆಳಗ್ಗೆ ತೀರ್ಥದೊಂದಿಗೆ ಒಂದು. ಉಪವಾಸದಲ್ಲೂ ಔಷಧ ತೆಗೆದುಕೊಂಡರೆ ದೋಷವಿಲ್ಲ ಎಂಬ ಸಮಾಧಾನ ಇತ್ತು.

ಜೂನ್ 18ರ ಮೂರನೆಯ ಕೀಮೋಗೆ ಅವರು ಹೋಗಿರಲಿಲ್ಲ. ಜುಲೈ 9ರ ನಾಲ್ಕನೆಯದಕ್ಕೂ ಹೋಗಿರಲಿಲ್ಲ. ಆಸ್ಪತ್ರೆಯಿಂದ ಫೋನ್ ಬಂದಾಗ ಮನೆಯಲ್ಲಿ ಕಾರ್ಯವಿದೆ, ಮುಂದಿನ ವಾರ ಬರುತ್ತೇವೆ ಎಂದು ಆಚಾರ್ಯರು ಹೇಳಿದ್ದರು.

ನಾನು ಪತ್ರಿಕೆಯ ತುಂಡನ್ನು ಮೇಲಿನಿಂದ ಕೆಳಗೆ ಓದಿದೆ. ಬರೆದದ್ದೆಲ್ಲ ಸರಿಯಾಗಿಯೇ ಇತ್ತು. ಆದರೆ ನಾನು ಬರೆದದ್ದೆಲ್ಲ ಅಲ್ಲಿರಲಿಲ್ಲ. ಫೋನಿನಲ್ಲಿ ಜೂನ್ 7ರಂದು ಕಳಿಸಿದ ಮೂಲಪ್ರತಿ ತೆಗೆದು ನೋಡಿದೆ. ಕೊನೆಯ ಪ್ಯಾರಾ ಪುಟದಲ್ಲಿ ಬಂದಿರಲಿಲ್ಲ. ಅದು ಹೀಗಿತ್ತು: ‘ಇವೆಲ್ಲ ಪ್ರಯೋಗಾಲಯದ ಕಣಗಳಲ್ಲಿ ಮತ್ತು ಇಲಿಗಳಲ್ಲಿ ಕಂಡ ಫಲಿತಾಂಶಗಳು. ಮಧುಮೇಹವಿಲ್ಲದ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರಲ್ಲಿ ಈ ಮಾತ್ರೆಯಿಂದ ರೋಗ ಮರುಕಳಿಸುವುದು ಕಡಿಮೆಯಾಗಲಿಲ್ಲ. ಇದನ್ನು ಕ್ಯಾನ್ಸರ್ ಚಿಕಿತ್ಸೆಯಾಗಿ ಬಳಸಬಾರದು. ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬಾರದು.’ ಪತ್ರಿಕೆಯ ಅಂಕಣದ ಅಗಲಕ್ಕೆ ಏಳು ಸಾಲು.

ಅದನ್ನು ತೆಗೆಸಿದ್ದು ಯಾರು ಎಂದು ಹುಡುಕಬೇಕಾಗಿರಲಿಲ್ಲ. ಜೂನ್ 4ಕ್ಕೆ ಲೋಕಸಭಾ ಚುನಾವಣೆಯ ಫಲಿತಾಂಶ ಬಂದಿತ್ತು. ಆ ವಾರ ಗೆದ್ದವರಿಗೆ ಅಭಿನಂದನೆ ಹೇಳುವ ಜಾಹೀರಾತುಗಳು ದಿನವೂ ಬರುತ್ತಿದ್ದವು. ಶುಕ್ರವಾರ ಸಂಜೆ ರಾಯಚೂರಿನಿಂದ ಪುಟ ಕಟ್ಟುವ ಖಾಜಾ ಫೋನ್ ಮಾಡಿದ್ದ.

“ಅಕ್ಕಾ, ಇನ್ನೊಂದು ಅಭಿನಂದನೆ ಬಂದೈತಿ. ನಿಮ್ಮ ಪುಟದಾಗ ಮೂರು ಸೆಂಟಿಮೀಟರ್ ಹೋಗ್ತೈತಿ. ಏನ್ ತೆಗೀಲಿ?”

“ಮೊದಲನೇ ಐಟಮ್ ಕೆಳಗಿಂದ ತೆಗಿ,” ಎಂದೆ.

ಅಷ್ಟೇ ಮಾತು. ಪತ್ರಿಕೆಯ ಕೆಲಸದಲ್ಲಿ ಇದು ಮೊದಲ ದಿನ ಕಲಿಸುವ ಪಾಠ. ಮುಖ್ಯವಾದದ್ದು ಮೊದಲ ಸಾಲಿನಲ್ಲಿ, ಆಮೇಲೆ ಅದಕ್ಕಿಂತ ಕಡಿಮೆ ಮುಖ್ಯವಾದದ್ದು, ಹೀಗೆ ಇಳಿಯುತ್ತ ಹೋಗಬೇಕು. ಜಾಗ ಸಾಲದಾದಾಗ ಪುಟ ಕಟ್ಟುವವನು ಓದುವ ಗೋಜಿಗೆ ಹೋಗದೆ ಕೆಳಗಿನಿಂದ ಕತ್ತರಿಸಬಹುದು, ಸುದ್ದಿ ಕೆಡುವುದಿಲ್ಲ. ಅಪಘಾತ, ಸಭೆ, ನೀರಿನ ಮಟ್ಟ, ಹತ್ತಿಯ ದರ, ಎಲ್ಲವನ್ನೂ ನಾನು ಇಪ್ಪತ್ತಾರು ವರ್ಷ ಹಾಗೆಯೇ ಬರೆದಿದ್ದೆ. ಈ ಬರಹವನ್ನೂ ಹಾಗೆಯೇ ಬರೆದೆ. ಹೊಸ ಸಂಗತಿ ಮೇಲಕ್ಕೆ, ಎಚ್ಚರಿಕೆ ಕೊನೆಗೆ.

ನರ್ಸಿಂಗ್ ಹೋಮ್‌ನಲ್ಲಿ ಆ ಏಳು ಸಾಲನ್ನು ಫೋನ್ ನೋಡಿ ಇಂದಿರಾಬಾಯಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು. ಓದಿದೆ.

“ಇದು ಪೇಪರಿನ್ಯಾಗ ಯಾಕ ಬರಲಿಲ್ಲ?”

“ಜಾಗ ಇರಲಿಲ್ಲ ಅಕ್ಕಾರ. ನಾನೇ ತೆಗೀಲಿಕ್ಕೆ ಹೇಳಿದೆ.”

“ಎಷ್ಟು ಜಾಗ ಬೇಕಾಗಿತ್ತು?”

ನಾನು ಎರಡು ಬೆರಳು ಜೋಡಿಸಿ ತೋರಿಸಿದೆ. ಅವರು ನನ್ನ ಬೆರಳುಗಳನ್ನು ನೋಡಿದರು.

“ಮದ್ದು ಬ್ಯಾಡ ಅಂದಾಕಿ ಅಲ್ಲ ನಾನು,” ಎಂದರು ಆಮೇಲೆ. “ಊರಾಗ ಹಂಗ ಮಾತಾಡ್ತಾರ, ಬಾಯಿ ಹೆದರ್ಯಾಳ, ಕೂದಲಿಗೆ ಅತ್ತಾಳ ಅಂತ. ಅತ್ತದ್ದು ಖರೆ. ಆದ್ರ ಎರಡು ಮದ್ದು ಇದ್ದಾಗ ಹಗುರದ್ದು ಆರಿಸಿಕೊಂಡೆ. ಒಂದು ತಗೊಂಡ್ರ ಒಲಿ ಮುಂದ ನಿಂದ್ರಲಿಕ್ಕೆ ಆಗೂದಿಲ್ಲ. ಇನ್ನೊಂದು ತಗೊಂಡ್ರ ನೈವೇದ್ಯ ನಡೀತದ. ಎರಡೂ ಮದ್ದೇ ಅಂತ ನೀನೇ ಬರದಿದ್ದಿ.”

ನಾನು ಹಾಗೆ ಬರೆದಿರಲಿಲ್ಲ. ಆದರೆ ಅವರ ಕೈಗೆ ಸಿಕ್ಕ ಕಾಗದದಲ್ಲಿ ಅದಕ್ಕೆ ವಿರುದ್ಧವಾದದ್ದೂ ಇರಲಿಲ್ಲ.

ಮಾತ್ರೆಯನ್ನು ಒಂದರಿಂದ ಎರಡಕ್ಕೆ ಏರಿಸಿದ್ದು ಯಾಕೆ ಎಂದು ಅಂಜಮ್ಮ ಕೇಳಿದರು. ಇಂದಿರಾಬಾಯಿ ಗಂಡನ ಕಡೆ ನೋಡಲಿಲ್ಲ.

“ಎಂಟು ದಿನ ಆತು. ಸ್ನಾನ ಮಾಡುವಾಗ ಗಂಟು ಕೈಗೆ ಸಿಗ್ತದ. ಮೊದಲಿನಂಗ ಆಗ್ಯದ. ಮೊದಲಿನಕಿಂತ ದೊಡ್ಡದು ಆಗಿರಬೇಕು. ಅದಕ್ಕ ಎರಡು ನುಂಗಿದೆ.”

ಆಚಾರ್ಯರಿಗೆ ಇದು ಗೊತ್ತಿರಲಿಲ್ಲ. ಅವರು ಗೋಡೆಗೆ ಒರಗಿಸಿದ್ದ ಸ್ಟೂಲಿನ ಮೇಲೆ ಕುಳಿತರು.

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಮತ್ತ ಪೇಪರ್ ತೆಗೆದು ಗೆರಿ ಎಳೀತಿದ್ರಿ.”

ಆಚಾರ್ಯರು ಕನ್ನಡಕ ಒರೆಸಿಕೊಂಡು, ರಾಯಚೂರಿಗೆ ಯಾವಾಗ ಹೋಗಬೇಕು ಎಂದು ಕೇಳಿದರು. ನಾಳೆ ದ್ವಾದಶಿ, ಪಾರಣೆ ಮುಗಿಯಬೇಕು, ಚಾತುರ್ಮಾಸ್ಯ ಶುರುವಾಗುತ್ತದೆ, ನೈವೇದ್ಯಕ್ಕೆ ಜನ ಇಲ್ಲ ಎಂದರು ಇಂದಿರಾಬಾಯಿ. ತಾವೇ ಬಿಟ್ಟ ಚಿಕಿತ್ಸೆಗೆ ಮರಳಿ ಹೋದರೆ ಡಾಕ್ಟರು ಬೈಯುತ್ತಾರೆ ಎಂಬ ಅಳುಕೂ ಅವರಿಗಿತ್ತು.

“ನೈವೇದ್ಯ ನಾ ಮಾಡ್ತೀನಿ,” ಎಂದರು ಆಚಾರ್ಯರು.

“ನಿಮಗ ಅನ್ನ ಬಸೀಲಿಕ್ಕೆ ಬರೂದಿಲ್ಲ.”

“ಗಂಜಿ ಮಾಡ್ತೀನಿ. ದೇವರು ನನ್ನ ಕೈದು ಉಂಡು ನೋಡಲಿ ಒಂದು ವರ್ಷ.”

ಶುಕ್ರವಾರ, ಜುಲೈ 19ರಂದು ಗಂಡ ಹೆಂಡತಿ ಮತ್ತು ನಾನು ರಾಯಚೂರಿಗೆ ಹೋದೆವು. ಸುದ್ದಿಗಾಗಿ ಹೋದದ್ದಲ್ಲವಾದರೂ ನೋಟ್‌ಬುಕ್ ತೆಗೆದುಕೊಂಡಿದ್ದೆ. ಸ್ಕ್ಯಾನ್‌ನಲ್ಲಿ ಗಂಟಿನ ಅಳತೆ 4.5 ಸೆಂಟಿಮೀಟರ್ ಎಂದು ಬಂತು. ತಜ್ಞೆ ಬೈಯಲಿಲ್ಲ. ಎರಡು ಕೀಮೋಗಳ ನಡುವಿನ ಅಂತರ ಯಾಕೆ ಮುಖ್ಯ ಎಂದು ಹೇಳಿದರು. ಮೊದಲ ಪೆಟ್ಟಿಗೆ ಕುಗ್ಗಿದ ಕ್ಯಾನ್ಸರ್ ಕಣಗಳು ಚೇತರಿಸಿಕೊಳ್ಳುವ ಮುಂಚೆ ಎರಡನೆಯದು ಬೀಳಬೇಕು. ತಡವಾದಷ್ಟೂ ಬದುಕುಳಿದ ಕಣಗಳಿಗೆ ಬೆಳೆಯಲು ಅವಕಾಶ. ಆಚಾರ್ಯರು ಪತ್ರಿಕೆಯ ತುಂಡನ್ನು ಮೇಜಿನ ಮೇಲಿಟ್ಟು, ಹಾಗಾದರೆ ಇದರಲ್ಲಿರುವುದು ಸುಳ್ಳೇ ಎಂದು ಕೇಳಿದರು.

“ಸುಳ್ಳಲ್ಲ ರೀ,” ಎಂದರು ತಜ್ಞೆ. “ನಿಮ್ಮ ತಹಶೀಲ್ ಕಚೇರಿ ಬಾಗಿಲಾಗ ಜವಾನ ಇರ್ತಿದ್ದಿಲ್ಲೇನು? ಕ್ಯಾನ್ಸರ್ ಕಣ ಒಂದು ನಕಲಿ ಪಾಸ್ ತೋರಿಸ್ತೈತಿ, ಜವಾನ ಸುಮ್ಮನಾಗ್ತಾನ. ಈ ಮಾತ್ರೆ ಆ ಪಾಸ್ ಕಸಿದುಕೊಳ್ಳಬಹುದು ಅಂತ ಇಲಿಗಳೊಳಗ ಕಂಡೈತಿ. ಮನುಷ್ಯಾರೊಳಗ ಜವಾನ ಎದ್ದು ನಿಂದರ್ತಾನೋ ಇಲ್ಲೋ, ಎದ್ದರೂ ಅವನ ಕೈಲೆ ಎಷ್ಟು ಆಗ್ತೈತಿ, ಇನ್ನೂ ಗೊತ್ತಿಲ್ಲ. ಕೀಮೋ ಜೊತಿಗೆ ಕೊಟ್ಟು ನೋಡೋದು ಬ್ಯಾರೆ, ಕೀಮೋ ಬಿಟ್ಟು ಇದನ್ನ ಕೊಡೋದು ಬ್ಯಾರೆ.”

“ಅಂದ್ರ ಫೈಲು ಇನ್ನೂ ಪೆಂಡಿಂಗ್ ಅದ.”

“ಪೆಂಡಿಂಗ್ ಐತಿ. ನೀವು ಹುಕುಂ ಆಗೈತಂತ ಜಾರಿ ಮಾಡಿಬಿಟ್ರಿ.”

ಆಚಾರ್ಯರು ಒಪ್ಪಿಕೊಂಡವರಂತೆ ತಲೆಯಾಡಿಸಿದರು. ನನಗೆ ತಿಳಿದಂತೆ ಈ ವಿಷಯದಲ್ಲಿ ಅವರಿಗೆ ಅರ್ಥವಾದ ಮೊದಲ ವಿವರಣೆ ಅದು. ನನ್ನ ಬರಹಕ್ಕಿಂತ ಅದು ಚಿಕ್ಕದಾಗಿತ್ತು, ಮತ್ತು ಪೂರ್ತಿಯಾಗಿತ್ತು.

ಅದೇ ಮಧ್ಯಾಹ್ನ ನಾನು ಪತ್ರಿಕೆಯ ಕಚೇರಿಗೆ ಹೋಗಿ ಆವೃತ್ತಿಯ ಸಂಪಾದಕರನ್ನು ಕಂಡೆ. ತಿದ್ದುಪಡಿ ಹಾಕಬೇಕು ಎಂದೆ. ಅವರು ಜೂನ್ 8ರ ಪುಟ ತರಿಸಿ ಓದಿದರು.

“ಪ್ರಕಟವಾದದ್ದರಲ್ಲಿ ತಪ್ಪು ಯಾವುದು?”

“ಯಾವುದೂ ಇಲ್ಲ.”

“ಹಾಗಾದರೆ ತಿದ್ದುಪಡಿ ಯಾವುದಕ್ಕೆ?”

“ಪ್ರಕಟವಾಗದೆ ಇದ್ದದ್ದಕ್ಕೆ.”

ಅದಕ್ಕೊಂದು ರೂಢಿ ಇಲ್ಲ ಎಂದರು. ಹೆಸರು ತಪ್ಪಾದರೆ, ಅಂಕಿ ತಪ್ಪಾದರೆ, ಚಿತ್ರ ಅದಲುಬದಲಾದರೆ ತಿದ್ದುಪಡಿ ಹಾಕುತ್ತಾರೆ. ಕತ್ತರಿಸಿದ್ದಕ್ಕೆಲ್ಲ ಹಾಕತೊಡಗಿದರೆ ದಿನಕ್ಕೊಂದು ಪುಟ ಬೇಕಾಗುತ್ತದೆ. ಅವರ ಮಾತು ತಪ್ಪಲ್ಲ. ನಾನು ನರ್ಸಿಂಗ್ ಹೋಮ್‌ನ ಚೀಟಿ ಮತ್ತು ಆ ದಿನದ ಸ್ಕ್ಯಾನ್ ವರದಿಯ ಫೋಟೋ ತೋರಿಸಿದೆ. ಅವರು ಅಳತೆಯ ಅಂಕಿಗಳನ್ನು ಎರಡು ಸಲ ನೋಡಿದರು. ಆಮೇಲೆ ಖಾಜಾನನ್ನು ಕರೆದು, ನಾಳೆಯ ಆರೋಗ್ಯ ಪುಟದಲ್ಲಿ ಅದೇ ಜಾಗ ಖಾಲಿ ಮಾಡು ಎಂದರು. ಜುಲೈ 20ರ ಶನಿವಾರ, ‘ಜೂನ್ 8ರ ಬರಹದ ಪ್ರಕಟವಾಗದ ಭಾಗ’ ಎಂಬ ಶೀರ್ಷಿಕೆಯಲ್ಲಿ ಆ ಪ್ಯಾರಾ ಬಂತು. ಜೊತೆಗೆ, ಎರಡು ಔಷಧ ಕೂಡಿಸಿದ ಮಾತ್ರೆಗಳ ಬಗ್ಗೆ ಮತ್ತು ಮನೆಯಲ್ಲಿ ಒಬ್ಬರ ಮಾತ್ರೆ ಇನ್ನೊಬ್ಬರು ನುಂಗುವುದರ ಬಗ್ಗೆ ತಜ್ಞೆ ಹೇಳಿದ ಆರು ಸಾಲು.

ಖಾಜಾ ಆ ದಿನ ಸಪ್ಪಗಿದ್ದ. “ನಾ ಓದಿದ್ರ ಕೇಳ್ತಿದ್ದೆ ಅಕ್ಕಾ. ಓದಲಿಲ್ಲ,” ಎಂದ. ಓದುವುದು ಅವನ ಕೆಲಸವಾಗಿರಲಿಲ್ಲ. ಓದದೆ ಕತ್ತರಿಸಬಹುದಾದಂತೆ ಬರೆದುಕೊಡುವುದು ನನ್ನ ಕೆಲಸವಾಗಿತ್ತು.

ಅಂದಿನಿಂದ ನಾನು ಆರೋಗ್ಯದ ಬರಹವನ್ನು ಬೇರೆ ರೀತಿಯಲ್ಲಿ ಬರೆಯತೊಡಗಿದೆ. ಯಾರ ಮೇಲೆ ಪರೀಕ್ಷೆ ನಡೆದಿದೆ, ಇಲಿಯೋ ಮನುಷ್ಯರೋ, ಎಂಬುದು ಎರಡನೆಯ ವಾಕ್ಯ. ಓದುಗರು ಏನು ಮಾಡಬಾರದು ಎಂಬುದು ಮೂರನೆಯ ವಾಕ್ಯ. ಉಳಿದದ್ದೆಲ್ಲ ಆಮೇಲೆ, ಅದನ್ನು ಎಲ್ಲಿ ಬೇಕಾದರೂ ಕತ್ತರಿಸಲಿ. ಹೀಗೆ ಬರೆದರೆ ಸುದ್ದಿಯ ಬಿಸಿ ಆರುತ್ತದೆ, ಓದುವವರು ಕಡಿಮೆಯಾಗುತ್ತಾರೆ ಎಂದು ಕಚೇರಿಯಲ್ಲಿ ಒಂದಿಬ್ಬರು ಹೇಳಿದರು. ಆಗಿರಬಹುದು. ಎಚ್ಚರಿಕೆಯೂ ಸುದ್ದಿಯ ಭಾಗ, ಅದಕ್ಕೆ ಅಂಟಿಸಿದ ಬಾಲವಲ್ಲ ಎಂಬುದನ್ನು ಇಪ್ಪತ್ತಾರು ವರ್ಷದ ಕೆಲಸ ನನಗೆ ಕಲಿಸಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಪತ್ರಿಕೆಯನ್ನು ಕಡತದಂತೆ ಓದುವವರು ಇದ್ದಾರೆ ಎಂಬುದೂ ಗೊತ್ತಿರಲಿಲ್ಲ. ಶೀರ್ಷಿಕೆಯಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೆನಲ್ಲ ಎಂದು ಒಮ್ಮೆ ಆಚಾರ್ಯರಿಗೆ ಹೇಳಿದ್ದೆ. “ಕಂಡಿತು,” ಎಂದಿದ್ದರು ಅವರು. “ನೀವು ಎಲ್ಲದಕ್ಕೂ ಹಾಕ್ತೀರಿ ಅಂದುಕೊಂಡೆ.”

ಇಂದಿರಾಬಾಯಿಯ ಮೂರನೆಯ ಕೀಮೋ ಜುಲೈ 23ರಂದು ಆಯಿತು, ಐದು ವಾರ ತಡವಾಗಿ. ಉಳಿದ ಮೂರು ಒಂದು ದಿನವೂ ತಪ್ಪದೆ ಸೆಪ್ಟೆಂಬರ್ 24ಕ್ಕೆ ಮುಗಿದವು. ಆ ತಿಂಗಳುಗಳಲ್ಲಿ ಆಚಾರ್ಯರು ಮಡಿಯಲ್ಲಿ ನೈವೇದ್ಯ ಬೇಯಿಸಿದರು. ಮೊದಲ ವಾರ ಅನ್ನ ತಳ ಹಿಡಿಯಿತೆಂದೂ, ದೇವರು ದೂರು ಹೇಳಲಿಲ್ಲವೆಂದೂ, ಗುಡಿಗೆ ಬರುವ ಜನ ಮಾತ್ರ ಹೇಳಿದರೆಂದೂ ಇಂದಿರಾಬಾಯಿ ಫೋನಿನಲ್ಲಿ ತಿಳಿಸಿದರು. ಮಂಚದ ಮೇಲಿಂದಲೇ ಕೂಗಿ ಹೇಳಿ ಬೇಳೆ ಬೇಯಿಸುವುದನ್ನು ಕಲಿಸಿದರಂತೆ.

ಅಕ್ಟೋಬರ್ 22ರಂದು ಶಸ್ತ್ರಚಿಕಿತ್ಸೆ ನಡೆಯಿತು. ತೆಗೆದ ಭಾಗದ ಪರೀಕ್ಷಾ ವರದಿಯ ಪ್ರಕಾರ ಸ್ತನದಲ್ಲಿ ಉಳಿದಿದ್ದ ಗಂಟು 1.1 ಸೆಂಟಿಮೀಟರ್. ಕಂಕುಳಿನಿಂದ ತೆಗೆದ ಹನ್ನೆರಡು ಗ್ರಂಥಿಗಳಲ್ಲಿ ಎರಡರಲ್ಲಿ ಕ್ಯಾನ್ಸರ್ ಕಣಗಳಿದ್ದವು. ಹಾಗಾಗಿ ವಿಕಿರಣ ಚಿಕಿತ್ಸೆಯೂ ಬೇಕಾಯಿತು. ಅದಕ್ಕಾಗಿ ಡಿಸೆಂಬರ್‌ನಲ್ಲಿ ಗಂಡ ಹೆಂಡತಿ ಮೂರು ವಾರ ಹೈದರಾಬಾದ್‌ನಲ್ಲಿ ಕೋಣೆ ಹಿಡಿದು ಇದ್ದರು.

ಆ ಎರಡು ಗ್ರಂಥಿಗಳ ಬಗ್ಗೆ ಇಂದಿರಾಬಾಯಿ ಒಂದು ವರ್ಷ ಏನೂ ಕೇಳಲಿಲ್ಲ. ನಾನೂ ಎತ್ತಲಿಲ್ಲ. 2025ರ ನವೆಂಬರ್‌ನಲ್ಲಿ ರಾಯಚೂರಿನ ತಪಾಸಣೆಗೆ ನಾನು ಜೊತೆಗಿದ್ದೆ. ಸ್ಕ್ಯಾನ್ ಮುಗಿದು ವರದಿಗೆ ಕಾಯುತ್ತಿದ್ದಾಗ ಅವರು ತಜ್ಞೆಯನ್ನು ಕೇಳಿದರು: “ಬಾಯಿ, ಏಪ್ರಿಲ್‌ದಾಗ ಕಂಕುಳಾಗ ಏನೂ ಇಲ್ಲ ಅಂದಿದ್ರಿ. ಕೊಯ್ದಾಗ ಎರಡು ಸಿಕ್ಕವು. ನಾ ಬಿಟ್ಟ ಆ ಐದು ವಾರದಾಗ ಬಂದವೇನು?”

“ಆಗ ಬಂದಾವ ಅಂತ ನಾ ಹೇಳೋದಿಲ್ಲ,” ಎಂದರು ತಜ್ಞೆ. “ಬಂದಿಲ್ಲ ಅಂತಲೂ ಹೇಳೋದಿಲ್ಲ. ಸ್ಕ್ಯಾನಿಗೆ ಕಾಣದಷ್ಟು ಸಣ್ಣದಾಗಿ ಮೊದಲೇ ಇದ್ದಿರಬಹುದು. ಇದನ್ನ ಈಗ ಯಾರೂ ಹೇಳಾಕ ಆಗೋದಿಲ್ಲ ಅಕ್ಕಾರ.”

ಇಂದಿರಾಬಾಯಿ ನನ್ನ ಕಡೆ ತಿರುಗಿದರು. “ಇದನ್ನ ಬರಿ. ಮ್ಯಾಲೇ ಬರಿಬೇಕಂತ ಇಲ್ಲ. ಆದ್ರ ಕತ್ತರಿಸಬ್ಯಾಡ.”

ಕಾಲು ಗಂಟೆಯ ನಂತರ ವರದಿ ಬಂತು. ಎದೆಯಲ್ಲಿ, ಎರಡೂ ಕಂಕುಳಲ್ಲಿ ಸಂಶಯಪಡುವಂಥದ್ದು ಕಂಡಿಲ್ಲ ಎಂದು ಅದರಲ್ಲಿತ್ತು. ಮುಂದಿನ ತಪಾಸಣೆಗೆ ಫೆಬ್ರುವರಿಯಲ್ಲಿ ಬರಲು ಹೇಳಿದ್ದಾರೆ.